ಲಂಪುಂಗ್: ವಲಸೆ ರೂಪಿಸಿದ ಪ್ರಾಂತ್ಯ

ಸುಮಾತ್ರಾ ದ್ವೀಪದ ದಕ್ಷಿಣ ತುದಿಯಲ್ಲಿರುವ ಇಂಡೊನೇಷ್ಯಾದ ಲಂಪುಂಗ್ ಪ್ರಾಂತ್ಯದಲ್ಲಿ 2020ರ ಜನಗಣತಿಯಂತೆ ಸುಮಾರು 90 ಲಕ್ಷ ಜನರಿದ್ದಾರೆ. ಇವರಲ್ಲಿ ಬಹುಪಾಲು ಜಾವಾ ಮೂಲದವರು. ನಾಡಿಗೆ ಹೆಸರು ಕೊಟ್ಟ ಲಂಪುಂಗ್ ಜನ ಸರಿಸುಮಾರು ಏಳರಲ್ಲೊಂದು ಪಾಲು ಮಾತ್ರ. ಜಾವಾ ಹತ್ತಿರವಿದೆ, ಸುಂದಾ ಜಲಸಂಧಿ ದಾಟಿದರೆ ಸಾಕು ಎಂಬುದು ಇದಕ್ಕೆ ಪೂರ್ಣ ಉತ್ತರವಾಗದು. ಆ ಜಲಸಂಧಿ ಹಿಂದೆಯೂ ಅಷ್ಟೇ ಕಿರಿದಾಗಿತ್ತು. ಬದಲಾದದ್ದು ಆಡಳಿತದ ನೀತಿ.

ಪ್ರಾಂತ್ಯದ ಪಶ್ಚಿಮಕ್ಕೆ ಬುಕಿತ್ ಬಾರಿಸಾನ್ ಬೆಟ್ಟಸಾಲು, ಪೂರ್ವಕ್ಕೆ ತಗ್ಗಿನ ಜೌಗುನೆಲ. ನಡುವೆ ಸೆಕಂಪುಂಗ್, ಸೆಪುತಿಹ್, ತುಲಾಂಗ್ ಬವಾಂಗ್ ನದಿಗಳ ಬಯಲು. ಪಲಾಸ್ ಪಸೆಮಾಹ್‌ನಲ್ಲಿ ದೊರೆತ ಏಳನೆಯ ಶತಮಾನದ ಶಾಸನ ಶ್ರೀವಿಜಯ ಸಾಮ್ರಾಜ್ಯದ ಅಧಿಕಾರಕ್ಕೆ ಸಾಕ್ಷಿ. ಭಾಷೆ ಹಳೆಯ ಮಲಯ್, ಲಿಪಿ ಪಲ್ಲವ. ಲಂಪುಂಗ್ ಜನರ ಸ್ವಂತ ಲಿಪಿಯೂ ನಮ್ಮ ಕನ್ನಡ ಲಿಪಿಯಂತೆ ಬ್ರಾಹ್ಮಿಯ ಸಂತತಿಯೇ. ಮುಂದೆ ಕರಿಮೆಣಸಿನ ಆಸೆಗೆ ಬಾಂತೆನ್ ಸುಲ್ತಾನರು ಈ ನಾಡಿನ ಮೇಲೆ ಹಿಡಿತ ಸಾಧಿಸಿದರು. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸ್ಫೋಟಿಸಿದಾಗ ಎದ್ದ ಅಲೆಗಳು ತೆಲುಕ್ ಬೆತುಂಗ್ ಬಂದರನ್ನು ಕೊಚ್ಚಿಹಾಕಿದವು.

ನಿರ್ಣಾಯಕ ವರ್ಷ 1905. ಜಾವಾದ ಭೂಹೀನತೆಗೆ ಪರಿಹಾರ ಹುಡುಕುತ್ತಿದ್ದ ಡಚ್ ವಸಾಹತು ಸರ್ಕಾರ ಕೆದು ಪ್ರದೇಶದ 155 ಕುಟುಂಬಗಳನ್ನು ಗೆಡೊಂಗ್ ತಾತಾನ್‌ಗೆ ತಂದಿಳಿಸಿತು. ಅಲ್ಲಿ ಹುಟ್ಟಿದ ಮೊದಲ ಹಳ್ಳಿಗೆ ಜಾವಾದ ತಮ್ಮ ಊರಿನ ಹೆಸರನ್ನೇ ಇಟ್ಟು ಬಗೆಲೆನ್ ಎಂದರು. ಸರ್ಕಾರದ ಖರ್ಚು ದೊಡ್ಡದು, ಫಲ ಸಣ್ಣದು. ಹಾಗಾಗಿ 1930ರ ದಶಕದಲ್ಲಿ ಹೊಸ ವಿಧಾನ ಬಂತು. ಸುಗ್ಗಿಯ ಹೊತ್ತಿಗೆ ಹೊಸಬರನ್ನು ಕರೆತಂದು, ಮೊದಲೇ ನೆಲೆಯೂರಿದವರ ಗದ್ದೆಯಲ್ಲಿ ಕೊಯ್ಲಿಗೆ ಹಚ್ಚಿ, ಕೂಲಿಯಾಗಿ ಭತ್ತದ ಪಾಲನ್ನು ಕೊಡಿಸಲಾಯಿತು. 'ಬಾವೊನ್' ಎಂಬ ಈ ಜಾವಾ ಪದ್ಧತಿ ವಲಸೆಯ ವೆಚ್ಚವನ್ನು ವಲಸಿಗರ ಹೆಗಲಿಗೇ ದಾಟಿಸಿತು. ಸೆಕಂಪುಂಗ್ ನದಿಗೆ ಅಣೆಕಟ್ಟು, ಕಾಲುವೆಗಳಾದವು; ಮೆತ್ರೊ ಪಟ್ಟಣ ಬೆಳೆಯಿತು.

ಇಲ್ಲಿ ನೆಲದ ಪ್ರಶ್ನೆಯನ್ನು ಮರೆಯಬಾರದು. ಲಂಪುಂಗ್ ಜನರಲ್ಲಿ ಕರಾವಳಿಯ ಸಾಯಿಬಾತಿನ್, ಒಳನಾಡಿನ ಪೆಪಾದುನ್ ಎಂಬ ಎರಡು ಪಂಗಡಗಳಿವೆ. ಎರಡರಲ್ಲೂ ಭೂಮಿ 'ಮಾರ್ಗಾ' ಎಂಬ ಕುಲಸಂಸ್ಥೆಗೆ ಸೇರಿದ್ದು. ಕಾಡು, ಬೀಳು ಎಂದು ಸರ್ಕಾರ ಬರೆದುಕೊಂಡ ನೆಲ ಹೆಚ್ಚಾಗಿ ಸರದಿ ಬೇಸಾಯಕ್ಕೆ ಬಿಟ್ಟ ಕುಲದ ಆಸ್ತಿಯಾಗಿತ್ತು. ವಲಸಿಗರ ಊರುಗಳೋ ಜಾವಾ ಮಾದರಿಯ 'ದೆಸಾ'ಗಳಾದವು. ಒಂದೇ ಸೀಮೆಯಲ್ಲಿ ಹೀಗೆ ಎರಡು ಬಗೆಯ ಗ್ರಾಮಾಡಳಿತ ಬೇರೂರಿತು.

ಸ್ವತಂತ್ರ ಇಂಡೊನೇಷ್ಯಾ ಈ ವಲಸೆ ನೀತಿಯನ್ನು ಕೈಬಿಡಲಿಲ್ಲ, ಹಿಗ್ಗಿಸಿತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದ ಮೇಲೆ ಬಾಲಿಯ ನಿರಾಶ್ರಿತರೂ ಇಲ್ಲಿಗೆ ಬಂದರು. 1930ರಲ್ಲಿ ಸುಮಾರು 3.6 ಲಕ್ಷವಿದ್ದ ಜನಸಂಖ್ಯೆ 1961ಕ್ಕೆ 16.7 ಲಕ್ಷ, 1971ಕ್ಕೆ 27.8 ಲಕ್ಷ, 1980ಕ್ಕೆ 46.2 ಲಕ್ಷವಾಯಿತು. ಸರ್ಕಾರಿ ಯೋಜನೆಯಲ್ಲಿ ಬಂದವರ ಬೆನ್ನಿಗೆ ಬಂಧುಬಳಗ ಸ್ವಂತ ಖರ್ಚಿನಲ್ಲಿ ಬಂದು ಕಾಫಿ ತೋಟಗಳಿಗಾಗಿ ಬೆಟ್ಟವೇರಿತು. ಕೊನೆಗೆ 1980ರ ದಶಕದಲ್ಲಿ ಸರ್ಕಾರವೇ ಹೊರಗಿನಿಂದ ಜನರನ್ನು ತರುವುದನ್ನು ನಿಲ್ಲಿಸಿ, ರಕ್ಷಿತಾರಣ್ಯ ಸೇರಿದ್ದವರನ್ನು ಉತ್ತರದ ತಗ್ಗಿಗೆ ಸಾಗಿಸತೊಡಗಿತು.

1964ರಲ್ಲಿ ದಕ್ಷಿಣ ಸುಮಾತ್ರಾ ಪ್ರಾಂತ್ಯದಿಂದ ಬೇರ್ಪಟ್ಟಾಗ ಲಂಪುಂಗ್‌ನಲ್ಲಿ ಮೂರು ಜಿಲ್ಲೆ, ಒಂದು ನಗರಾಡಳಿತ ಇದ್ದವು. ಇಂದು 13 ಜಿಲ್ಲೆಗಳು ಹಾಗೂ ಬಂದಾರ್ ಲಂಪುಂಗ್, ಮೆತ್ರೊ ಎಂಬ ಎರಡು ನಗರಗಳಿವೆ. ಈ ವಿಭಜನೆಯನ್ನು 1998ರ ನಂತರದ ವಿಕೇಂದ್ರೀಕರಣದ ಫಲವೆಂದಷ್ಟೇ ಓದುವುದು ಅಪೂರ್ಣ; ವಲಸೆಯಿಂದ ಬೆಳೆದ ಜನಸಂಖ್ಯೆಯೂ ಎರಡು ಬಗೆಯ ಗ್ರಾಮಾಡಳಿತವೂ ಅದರ ಹಿಂದಿವೆ. ಲಂಪುಂಗ್‌ನ ಆಡಳಿತ ನಕ್ಷೆಯನ್ನು ಅಭ್ಯಸಿಸುವವರು 1905ರ ನಂತರದ ವಲಸೆ ಕಡತಗಳನ್ನೂ ಮಾರ್ಗಾಗಳ ಭೂದಾಖಲೆಗಳನ್ನೂ ಜೊತೆಗಿಟ್ಟು ಓದಬೇಕು.