ಮನೆಯಲ್ಲಿ ಕಟ್ಟಿದ ಜಲಜನಕ ಕೋಶ: ‘ಫ್ಯಾರಡೆ ಮಿತಿ ಮೀರಿದ’ ಅಳತೆಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಕಾರಿನ ಬ್ಯಾಟರಿ: ಹವ್ಯಾಸಿಗಳ ಕೋಶಕ್ಕೆ ಸಾಮಾನ್ಯವಾಗಿ ಇಷ್ಟು ಸಾಕು. ಹೊರಬರುವ ಜಲಜನಕ–ಆಮ್ಲಜನಕ ಮಿಶ್ರಣವನ್ನು ಅವರು ‘ಎಚ್‌ಎಚ್‌ಒ’ ಎಂದೋ ‘ಬ್ರೌನ್ ಅನಿಲ’ ಎಂದೋ ಕರೆಯುತ್ತಾರೆ. ಹರಿದ ವಿದ್ಯುದಂಶಕ್ಕೆ ತಕ್ಕಷ್ಟೇ ಅನಿಲ ಎನ್ನುವ ಫ್ಯಾರಡೆಯ ನಿಯಮ ಅನುಮತಿಸುವುದಕ್ಕಿಂತ ಹೆಚ್ಚು ಅನಿಲ ಬಂದಿತೆಂಬ ಹೇಳಿಕೆ ಈ ವಲಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅಂಥ ಅಳತೆಗಳಲ್ಲಿ ಎಷ್ಟು ಭಾಗವನ್ನು ಮಾಪನಕ್ರಮವೇ ವಿವರಿಸಬಲ್ಲದು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

2. ಕಾಲಾನುಕ್ರಮ

ನೀರಿನ ವಿದ್ಯುದ್ವಿಭಜನೆಯ ಆರಂಭವನ್ನು ನಿಕಲ್ಸನ್ ಮತ್ತು ಕಾರ್ಲೈಲ್ ಅವರ 1800ರ ಮೇ ತಿಂಗಳ ಪ್ರಯೋಗಕ್ಕೆ ಸಲ್ಲಿಸುವುದು ರೂಢಿ. ಆದರೆ 1789ರಲ್ಲೇ ವಾನ್ ಟ್ರೂಸ್ಟ್‌ವಿಕ್ ಮತ್ತು ಡೈಮನ್ ಸ್ಥಾಯಿವಿದ್ಯುತ್ ಯಂತ್ರದಿಂದ ನೀರನ್ನು ಒಡೆದಿದ್ದರು. ಅವರಿಗೆ ದೊರೆತದ್ದು ಮಿಶ್ರ ಅನಿಲ. ಕಿಡಿ ತಗುಲಿದಾಗ ಅದು ಮತ್ತೆ ನೀರಾಯಿತು. ಎರಡು ಅನಿಲಗಳು ಎರಡು ತಂತಿಗಳಲ್ಲಿ ಬೇರೆಬೇರೆಯಾಗಿ ಕಾಣಿಸಿದ್ದು 1800ರಲ್ಲಿ. ಈ ದೃಷ್ಟಿಯಿಂದ ಒಂದೇ ಕೊಳವೆಯ ಇಂದಿನ ಹವ್ಯಾಸಿ ಕೋಶ 1789ರ ಸಾಧನಕ್ಕೆ ಹೆಚ್ಚು ಹತ್ತಿರವೆನ್ನಬಹುದು.

‘ಬ್ರೌನ್ ಅನಿಲ’ ಎಂಬ ಹೆಸರು ಯುಲ್ ಬ್ರೌನ್ ಅವರಿಂದ ಬಂದದ್ದು. ಬೆಸುಗೆ ಕುರಿತ ಅವರ ಅಮೆರಿಕನ್ ಪೇಟೆಂಟ್ (4,014,777) 1977ರದು. ಮಿಶ್ರ ಅನಿಲದ ಉಪಕರಣಕ್ಕೆ ವಿಲಿಯಂ ರೋಡ್ಸ್ ಪಡೆದ ಪೇಟೆಂಟ್ (3,262,872) 1966ರದು. ಆದ್ಯತೆಯ ದೃಷ್ಟಿಯಿಂದ ಹೆಸರು ಸರಿಹೊಂದುವುದಿಲ್ಲ.

ಒಹಾಯೊದ ಸ್ಟ್ಯಾನ್ಲಿ ಮೆಯರ್ ಅವರ ಪೇಟೆಂಟ್ (4,936,961) 1990ರದು. ನೀರನ್ನು ಕೆಪಾಸಿಟರಿನ ಮಾಧ್ಯಮವೆಂದು ಭಾವಿಸಿ, ವೋಲ್ಟೇಜ್ ಸ್ಪಂದಗಳಿಂದ ಅದನ್ನು ಒಡೆಯುವುದಾಗಿ ಅದು ಹೇಳುತ್ತದೆ. 1996ರಲ್ಲಿ ಮೆಯರ್ ವಿರುದ್ಧ ಇಬ್ಬರು ಹೂಡಿಕೆದಾರರು ಹೂಡಿದ ದಾವೆಯಲ್ಲಿ, ಅವರ ಕೋಶದಲ್ಲಿ ನಡೆಯುವುದು ಸಾಮಾನ್ಯ ವಿದ್ಯುದ್ವಿಭಜನೆಯೇ ಎಂದು ತಜ್ಞರು ಸಾಕ್ಷ್ಯ ನುಡಿದರು. ನ್ಯಾಯಾಲಯ ವಂಚನೆಯೆಂದು ತೀರ್ಮಾನಿಸಿ 25,000 ಡಾಲರ್ ಮರಳಿಸಲು ಆದೇಶಿಸಿತು. ಪೇಟೆಂಟ್ ದೊರೆತದ್ದನ್ನು ಪ್ರಾಯೋಗಿಕ ದೃಢೀಕರಣವೆಂದು ಓದುವುದು ಸಲ್ಲ.

3. ಲೆಕ್ಕ

ಒಂದು ಆಂಪಿಯರ್ ಒಂದು ಕೋಶದಲ್ಲಿ ಒಂದು ನಿಮಿಷ ಹರಿದರೆ 60 ಕೂಲಂಬ್. ಫ್ಯಾರಡೆ ಸ್ಥಿರಾಂಕ 96,485 ಎಂದಿಟ್ಟುಕೊಂಡರೆ, 0 ಡಿಗ್ರಿ ಸೆಲ್ಸಿಯಸ್ ಮತ್ತು ಒಂದು ವಾಯುಮಂಡಲ ಒತ್ತಡದಲ್ಲಿ ಒಣ ಮಿಶ್ರ ಅನಿಲ 10.45 ಮಿಲಿಲೀಟರ್.

ಮೊದಲ ಗೊಂದಲ ಇಲ್ಲಿಯೇ. ಏಳು ಪ್ಲೇಟುಗಳನ್ನು ಸರಣಿಯಲ್ಲಿಟ್ಟರೆ ಆರು ಕೋಶಗಳಾಗುತ್ತವೆ. ಅಮ್ಮೀಟರು ತೋರಿಸುವ 20 ಆಂಪಿಯರ್ ಆರರಲ್ಲೂ ಕೆಲಸ ಮಾಡುತ್ತದೆ. ನಿರೀಕ್ಷಿತ ಪ್ರಮಾಣ ನಿಮಿಷಕ್ಕೆ 1,254 ಮಿಲಿಲೀಟರ್, 209 ಅಲ್ಲ. ಆರರಿಂದ ಗುಣಿಸದವರಿಗೆ ಮಿತಿ ಆರು ಪಟ್ಟು ಮೀರಿದಂತೆ ತೋರುತ್ತದೆ. (ಪ್ಲೇಟಿನ ರಂಧ್ರಗಳ ಮೂಲಕ ಸೋರುವ ಪ್ರವಾಹದಿಂದ ನಿಜವಾದ ಪ್ರಮಾಣ ಇದಕ್ಕಿಂತ ತುಸು ಕಡಿಮೆಯೇ ಇದ್ದೀತು.)

ಎರಡನೆಯದು ಉಷ್ಣತೆ. ಅನಿಲ 30 ಡಿಗ್ರಿಯಲ್ಲಿ ನೀರಾವಿಯಿಂದ ಸಂತೃಪ್ತವಾಗಿದ್ದರೆ 10.45 ಎಂಬುದು ಸುಮಾರು 12.1 ಆಗುತ್ತದೆ. 80 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ 47.4 ಕಿಲೋಪಾಸ್ಕಲ್, ಅದೇ ಅನಿಲ 25.4 ಮಿಲಿಲೀಟರ್ ಆಗುತ್ತದೆ. ಅಂದರೆ ಜಲಜನಕ ಒಂದು ಅಣುವೂ ಹೆಚ್ಚದೆ ಗಾತ್ರ 2.43 ಪಟ್ಟು ಹೆಚ್ಚುತ್ತದೆ. ದುರ್ಬಲ ದ್ರಾವಣಕ್ಕೆ ಶುದ್ಧ ನೀರಿನ ಆವಿ ಒತ್ತಡ ಬಳಸಿದ್ದರಿಂದ ಬರುವ ವ್ಯತ್ಯಾಸ ಚಿಕ್ಕದು.

ಹವ್ಯಾಸಿಗಳ ರೂಢಿಯ ಮಾನ, ವ್ಯಾಟಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಎಂಬುದು. ಕೋಶ ಶಾಖವನ್ನು ಹೀರದ, ಹೊರಬಿಡದ ಉಷ್ಣಸಮತೋಲನದ 1.48 ವೋಲ್ಟಿನಲ್ಲಿ ಇದರ ಮೇಲ್ಮಿತಿ 7.06. ಮೇಲಿನ ಆರು ಕೋಶಗಳಿಗೆ 13.8 ವೋಲ್ಟ್ ಕೊಟ್ಟರೆ ಬಳಕೆ 276 ವ್ಯಾಟ್. ಸರಿಯಾದ ಅಂಕಿ 4.54, ದಕ್ಷತೆ ಸುಮಾರು ಶೇ. 64. ಅದೇ ಕೋಶದ ಅನಿಲವನ್ನು 80 ಡಿಗ್ರಿಯಲ್ಲಿ ತಿದ್ದುಪಡಿಯಿಲ್ಲದೆ ಅಳೆದರೆ ಸುಮಾರು 11.0, ‘ದಕ್ಷತೆ’ ಶೇ. 156!

4. ವಿರುದ್ಧ ದಿಕ್ಕಿನ ದೋಷಗಳು

ಎಲ್ಲ ದೋಷಗಳೂ ಉತ್ಪ್ರೇಕ್ಷೆಯತ್ತಲೇ ವಾಲುವುದಿಲ್ಲ. ಗಾಳಿಗೆ ಹೊಂದಿಸಿದ ರೋಟಾಮೀಟರು ಈ ಹಗುರ ಮಿಶ್ರಣವನ್ನು ಕಡಿಮೆ ತೋರಿಸುತ್ತದೆ. ಮಿಶ್ರಣದ ಸರಾಸರಿ ಅಣುತೂಕ 12, ಗಾಳಿಯದು 29 ಎಂದಾದರೆ ತಿದ್ದುಪಡಿಯ ಗುಣಕ ಸುಮಾರು 1.55. ತಣ್ಣನೆಯ ನೀರಿನ ಬಬ್ಲರ್ ಆವಿಯ ಒಂದಷ್ಟನ್ನು ತೆಗೆಯುತ್ತದೆ, ಎಷ್ಟೆಂಬುದು ಹರಿವಿನ ವೇಗವನ್ನು ಅವಲಂಬಿಸುತ್ತದೆ. ಸ್ಪಂದಿತ ಪ್ರವಾಹದಲ್ಲಿ ಫ್ಯಾರಡೆ ಲೆಕ್ಕಕ್ಕೆ ಬೇಕಾದದ್ದು ಸರಾಸರಿ ಆಂಪಿಯರ್. ವರ್ಗಮಾಧ್ಯಮೂಲ (ಆರ್‌ಎಂಎಸ್) ಮೌಲ್ಯ ತೋರಿಸುವ ಮೀಟರು ಅದಕ್ಕಿಂತ ಹೆಚ್ಚು ಓದುತ್ತದೆ. ಆದ್ದರಿಂದ ವಿವರಗಳಿಲ್ಲದ ಒಂಟಿ ಅಂಕಿಯನ್ನು ಹೊರಗಿನಿಂದ ತಿದ್ದುವುದು ಬಹುಮಟ್ಟಿಗೆ ಅಸಾಧ್ಯ.

ಅಡುಗೆ ಸೋಡ ಬಳಸಿದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಸೇರಬಹುದು. ಆಗ ಒಟ್ಟು ಗಾತ್ರದಿಂದ ಜಲಜನಕವನ್ನು ಊಹಿಸಲಾಗದು. ಉಪ್ಪು ಬಳಸಿದರೆ ಕ್ಲೋರಿನ್ ಬರುತ್ತದೆ. ಸ್ಟೀಲ್ ಆನೋಡು ಸವೆದಾಗ ಉಳಿಯುವ ಕೆಸರಿನಲ್ಲಿ ವಿಷಕಾರಿ ಷಟ್‌ಸಂಯೋಜಕ ಕ್ರೋಮಿಯಂ ಇರುವ ಸಂಭವವಿದೆ. ಅದನ್ನು ಚರಂಡಿಗೆ ಚೆಲ್ಲಬಾರದು.

5. ನಿರ್ಣಯದ ಮಿತಿ

ಮಿತಿ ಮೀರಿದ ಪ್ರತಿಯೊಂದು ಹೇಳಿಕೆಯನ್ನೂ ಈ ಲೆಕ್ಕ ಅಲ್ಲಗಳೆಯುತ್ತದೆ ಎಂದು ಹೇಳುವಂತಿಲ್ಲ. ಎರಡೂವರೆ ಪಟ್ಟಿನೊಳಗಿನ ಹೆಚ್ಚಳಕ್ಕೆ ಬಿಸಿ, ತೇವ ಅನಿಲವೊಂದೇ ಸಾಕಾಗಬಹುದು ಎಂಬುದಷ್ಟೇ ಸಿದ್ಧವಾಗುತ್ತದೆ. ಅಳೆದ ಸ್ಥಳದ ಉಷ್ಣತೆ, ಒತ್ತಡ, ಸರಣಿಯ ಕೋಶಗಳ ಸಂಖ್ಯೆ ಮತ್ತು ಸರಾಸರಿ ಪ್ರವಾಹ ನಮೂದಾಗದ ಅಂಕಿಗಳನ್ನು ಹೋಲಿಕೆಯ ಪಟ್ಟಿಗೆ ಸೇರಿಸದಿರುವುದು ಲೇಸು. ಅಳೆಯಲು ಹೊರಟವರು ಮಿಶ್ರ ಅನಿಲವನ್ನು ಯಾವ ಪಾತ್ರೆಯಲ್ಲೂ ಕೂಡಿಡಬಾರದು: ಗಾಳಿಯಲ್ಲಿ ಜಲಜನಕ ಶೇ. 4ರಿಂದ 75ರವರೆಗೆ ಹೊತ್ತಿಕೊಳ್ಳುತ್ತದೆ, ಈ ಮಿಶ್ರಣಕ್ಕೆ ಗಾಳಿಯೂ ಬೇಕಿಲ್ಲ.