ಹೆಸರಿಗಾಗಿ ಕಾದ ಮೂಳೆ

ಇಂಗ್ಲೆಂಡಿನ ಸೆವೆರ್ನ್ ನದಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವಲ್ಲಿ ಆಸ್ಟ್ ಎಂಬ ಹಳ್ಳಿ ಇದೆ. ಅಲ್ಲಿನ ಕಡಿದಾದ ದಂಡೆಯಲ್ಲಿ ಸಿಕ್ಕ ಮೂಳೆ ತುಂಡುಗಳ ವಿವರ ಮೊದಲು ಪ್ರಕಟವಾದದ್ದು 1850ರಲ್ಲಿ. ಕಂಬದಂತೆ ಉರುಟಾಗಿದ್ದ ಅವುಗಳ ಎರಡೂ ತುದಿ ಮುರಿದಿದ್ದವು. ಇಷ್ಟು ದಪ್ಪನೆಯ ಮೂಳೆ ಕಾಲಿನದ್ದಲ್ಲದೆ ಮತ್ತಾವುದರದ್ದು? ಯಾವುದೋ ಡೈನೋಸಾರ್‌ನ ಕಾಲೆಂದು ಹಲವರು ಊಹಿಸಿದರು. ಒಮ್ಮತ ಮಾತ್ರ ಮೂಡಲಿಲ್ಲ.

ಗಂಟು ಸಡಿಲವಾದದ್ದು 2016ರಲ್ಲಿ. ಸೋಮರ್‌ಸೆಟ್‌ನ ಲಿಲ್‌ಸ್ಟಾಕ್ ಕಡಲತೀರದಲ್ಲಿ ಪಳೆಯುಳಿಕೆ ಹುಡುಕುವ ಹವ್ಯಾಸಿ ಪಾಲ್ ಡಿ ಲಾ ಸಾಲ್ ಅವರಿಗೆ ಮೂಳೆಯ ಕೆಲವು ತುಂಡುಗಳು ಸಿಕ್ಕವು. ಜೋಡಿಸಿದಾಗ ಉದ್ದ 96 ಸೆಂಟಿಮೀಟರ್. ಅವರು ಅದನ್ನು ತಜ್ಞರಾದ ಡೀನ್ ಲೋಮ್ಯಾಕ್ಸ್ ಮತ್ತು ಜೂಡಿ ಮಸಾರೆ ಅವರ ಗಮನಕ್ಕೆ ತಂದರು. ಅದು ಕಾಲಿನದ್ದಲ್ಲ, ಇಕ್ತಿಯೋಸಾರ್‌ನ ಕೆಳದವಡೆಯ ಹಿಂಭಾಗದ ಮೂಳೆ ಎಂದು ಗೊತ್ತಾಯಿತು. ನೆಲದ ಸರೀಸೃಪಗಳಿಂದ ಹುಟ್ಟಿ, ನೀರಿಗಿಳಿದು, ಮೀನಿನ ಮೈಕಟ್ಟು ಪಡೆದ ವಂಶ ಈ ಇಕ್ತಿಯೋಸಾರ್‌ಗಳದ್ದು. ಅವು ಡೈನೋಸಾರ್‌ಗಳಲ್ಲ. ಉಸಿರಾಟಕ್ಕೆ ನೀರಿನ ಮೇಲೆ ಬರುತ್ತಿದ್ದವು, ಮರಿ ಹಾಕುತ್ತಿದ್ದವು.

2018ರಲ್ಲಿ ಈ ಅಧ್ಯಯನ ಪ್ರಕಟವಾದಾಗ ಆಸ್ಟ್‌ನ ಹಳೆಯ ತುಂಡುಗಳ ಅರ್ಥವೂ ಬದಲಾಯಿತು. ಅವುಗಳಲ್ಲಿ ಕೆಲವಾದರೂ ಇಂಥದೇ ದೈತ್ಯ ಇಕ್ತಿಯೋಸಾರ್‌ಗಳ ದವಡೆಯ ಚೂರುಗಳೆಂದು ಸಂಶೋಧಕರು ವಾದಿಸಿದರು. ಆದರೂ ಪ್ರಾಣಿಗೆ ಹೆಸರಿಡಲಿಲ್ಲ. ಒಂದೇ ಅಪೂರ್ಣ ಮೂಳೆಯ ಆಧಾರದ ಮೇಲೆ ಹೊಸ ಪ್ರಭೇದವೆಂದು ಸಾರುವುದು ಆತುರವಾಗುತ್ತಿತ್ತು.

ಎರಡನೆಯ ಸಾಕ್ಷಿ 2020ರಲ್ಲಿ ಬಂತು. ಅದೇ ಸೋಮರ್‌ಸೆಟ್‌ನ ಬ್ಲೂ ಆ್ಯಂಕರ್ ಕಡಲತೀರದಲ್ಲಿ ಜಸ್ಟಿನ್ ರೆನಾಲ್ಡ್ಸ್ ಮತ್ತು ಅವರ 11 ವರ್ಷದ ಮಗಳು ರೂಬಿ ಪಳೆಯುಳಿಕೆ ಹುಡುಕುತ್ತಿದ್ದರು. ತಂದೆಗೆ ಒಂದು ತುಂಡು ಸಿಕ್ಕಿತು. ಮಗಳಿಗೆ ಅದಕ್ಕಿಂತ ದೊಡ್ಡದು. ಮುಂದೆ ಲೋಮ್ಯಾಕ್ಸ್, ಡಿ ಲಾ ಸಾಲ್ ಮುಂತಾದವರೂ ಜೊತೆಗೂಡಿ ಹುಡುಕಿದರು. ಎಲ್ಲ ಜೋಡಿಸಿದಾಗ ಮೂಳೆಯ ಉದ್ದ ಎರಡು ಮೀಟರ್ ದಾಟಿತ್ತು. ಆಕಾರ ಲಿಲ್‌ಸ್ಟಾಕ್‌ನ ಮೂಳೆಯದ್ದೇ.

ಹೀಗೆ 2024ರಲ್ಲಿ ‘ಇಕ್ತಿಯೋಟೈಟನ್ ಸೆವೆರ್ನೆನ್ಸಿಸ್’ ಎಂಬ ಹೆಸರು ಬಂತು: ಸೆವೆರ್ನ್‌ನ ದೈತ್ಯ ಮೀನು-ಹಲ್ಲಿ. ಆ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ರೂಬಿಯ ಹೆಸರೂ ಇದೆ.

ಪ್ರಾಣಿಯ ಉದ್ದ ಸುಮಾರು 25 ಮೀಟರ್ ಎನ್ನುತ್ತಾರೆ. ಹೆಚ್ಚುಕಡಿಮೆ ನೀಲಿ ತಿಮಿಂಗಿಲದಷ್ಟು. ಇದು ಅಳೆದ ಲೆಕ್ಕವಲ್ಲ. ಹೆಚ್ಚು ಮೂಳೆಗಳು ದೊರೆತಿರುವ ಬಂಧುಗಳ ದವಡೆಗೂ ದೇಹಕ್ಕೂ ಇರುವ ಪ್ರಮಾಣವನ್ನು ಇದಕ್ಕೆ ಅನ್ವಯಿಸಿ ಪಡೆದ ಅಂದಾಜು. ಇದರ ಬೆನ್ನೆಲುಬನ್ನಾಗಲಿ ಈಜುಗಾಲನ್ನಾಗಲಿ ಯಾರೂ ಕಂಡಿಲ್ಲ. ಆದರೆ ಮೂಳೆಯ ಒಳರಚನೆ ಇನ್ನೊಂದು ಸಂಗತಿ ಹೇಳಿತು: ಸಾಯುವಾಗ ಬ್ಲೂ ಆ್ಯಂಕರ್‌ನ ಆ ಜೀವಿ ಇನ್ನೂ ಬೆಳೆಯುತ್ತಿತ್ತು.

ಈ ಮೂಳೆಗಳ ವಯಸ್ಸು ಸುಮಾರು 20 ಕೋಟಿ 20 ಲಕ್ಷ ವರ್ಷ. ಅದಾದ ಸ್ವಲ್ಪದರಲ್ಲೇ ಟ್ರಯಾಸಿಕ್ ಯುಗದ ಕೊನೆಯ ಮಹಾವಿನಾಶ ಬಂತು. ಇಕ್ತಿಯೋಸಾರ್‌ಗಳ ವಂಶ ಅದನ್ನು ದಾಟಿ ಇನ್ನೂ ಹತ್ತು ಕೋಟಿ ವರ್ಷ ಬಾಳಿತು. ಆದರೆ ಈ ಗಾತ್ರ ಅವುಗಳಿಗೆ ಮತ್ತೆಂದೂ ದಕ್ಕಲಿಲ್ಲ.