ಒಂದು ಇನಿಂಗ್ಸಿನ ಹುಡುಗನ ಮೇಲೆ ಆರು ಇನಿಂಗ್ಸಿನ ಹೊರೆ

ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಯುವ ಕ್ರಿಕೆಟ್ ಪಂದ್ಯಗಳನ್ನು ನೀವೆಲ್ಲ ನೋಡಿದ್ದೀರಿ. ಊರಿನ ತಂಡದಲ್ಲಿ ಭಾರಿ ವೇಗದ ಒಬ್ಬ ಹುಡುಗನಿದ್ದರೆ ಅವನಿಗೆ ಮೊದಲಿನಿಂದಲೇ ಚೆಂಡು ಕೊಡಬೇಕೋ, ಕೊನೆಯ ಎರಡು ಓವರಿಗೆಂದು ಉಳಿಸಿಕೊಳ್ಳಬೇಕೋ ಎಂದು ಹುಣಿಯ ಮೇಲೆ ಕೂತವರೆಲ್ಲ ಸಲಹೆ ಕೊಡುತ್ತಾರೆ. ಇದೇ ತಕರಾರು ಅಮೆರಿಕದ ಬೇಸ್‌ಬಾಲ್ ಆಟದಲ್ಲಿಯೂ ಬಹಳ ಕಾಲದಿಂದ ಇದೆ. ಅಲ್ಲಿ ಅದು ಕೋಟಿಗಟ್ಟಲೆ ಡಾಲರಿನ ಪ್ರಶ್ನೆ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬನ ಮೊಣಕೈಯ ಪ್ರಶ್ನೆಯೂ ಹೌದು. ನಾನು ಎಸ್.ಎಸ್.ಎಲ್.ಸಿ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಅಂಕಿಗಳ ಹುಚ್ಚಿನಿಂದಲೇ ಈ ಆಟದ ಕಡೆಗೆ ತಿರುಗಿದೆ. ಅಷ್ಟು ಲೆಕ್ಕ ಬರೆದಿಡುವ ಆಟ ಇನ್ನೊಂದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಮೂವರು ಔಟಾದರೆ ಬ್ಯಾಟು ಎದುರಾಳಿಗಳ ಕೈಗೆ. ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಆತ ಸಣ್ಣ ಮಣ್ಣಿನ ದಿಬ್ಬದ ಮೇಲೆ ನಿಂತು 60 ಅಡಿ 6 ಅಂಗುಲ ದೂರಕ್ಕೆ ಎಸೆಯಬೇಕು. 1893ರಿಂದ ಇದೇ ಅಳತೆ. ನಮ್ಮ ಕ್ರಿಕೆಟಿನ ಪಿಚ್ಚು 66 ಅಡಿ. ನಮ್ಮ ಬೌಲರು ಓಡಿ ಬಂದು ಕೈ ನೆಟ್ಟಗೆ ಇಟ್ಟು ಬೀಸುತ್ತಾನೆ. ಅಲ್ಲಿಯವನು ನಿಂತಲ್ಲಿಂದಲೇ ಮೊಣಕೈ ಮಡಚಿ ಕಲ್ಲು ಹೊಡೆದಂತೆ ಎಸೆಯುತ್ತಾನೆ. ಭಾರವೆಲ್ಲ ಭುಜಕ್ಕೆ ಮತ್ತು ಮೊಣಕೈಗೆ. ಒಮ್ಮೆ ಹೊರಗೆ ಕಳುಹಿಸಿದವನನ್ನು ಅದೇ ಪಂದ್ಯಕ್ಕೆ ಮತ್ತೆ ಕರೆಯುವಂತಿಲ್ಲ.

ಒಂದು ವರ್ಷದ ಲೀಗಿನಲ್ಲಿ ಪ್ರತಿ ತಂಡಕ್ಕೆ 162 ಪಂದ್ಯ, ಹೆಚ್ಚುಕಡಮೆ ದಿನಾ ಒಂದು. ಆದ್ದರಿಂದ ಪಂದ್ಯ ಆರಂಭಿಸಲು ಐವರು ಪಿಚರುಗಳ ಸರದಿ ಇಟ್ಟಿರುತ್ತಾರೆ. ಕಂಗಿನ ತೋಟದಲ್ಲಿ ಪಾಲುಗಾರರು ಹೊಳೆ ನೀರಿಗೆ ಸರದಿ ಹಾಕಿಕೊಂಡಂತೆ. ಇವತ್ತು ಎಸೆದವನಿಗೆ ಮುಂದಿನ ಸರದಿ ಐದನೆಯ ದಿನಕ್ಕೆ. ಅವನು ಐದಾರು ಇನಿಂಗ್ಸು, ತೊಂಬತ್ತು ನೂರು ಎಸೆತ ಎಸೆದು ಇಳಿದ ಮೇಲೆ ಬದಲಿಗಳು ಬರುತ್ತಾರೆ. ಮಲಯಾಳದಲ್ಲಿ ನಾವು ಪಕರಕ್ಕಾರನ್ ಎನ್ನುತ್ತೇವಲ್ಲ, ಅದೇ. ಮೈದಾನದ ಅಂಚಿನಲ್ಲಿ ಇವರು ಕೂರುವ ಜಾಗಕ್ಕೆ ಬುಲ್‌ಪೆನ್, ಅಂದರೆ ಗೂಳಿ ದೊಡ್ಡಿ ಎಂದು ಹೆಸರು. ಕೊನೆಯ ಇನಿಂಗ್ಸಿಗೆ ಬರುವ ಬದಲಿಯೇ ಅವರಲ್ಲಿ ಬಲಿಷ್ಠ. ನಮ್ಮ ತೆಂಕುತಿಟ್ಟಿನ ಬಣ್ಣದ ವೇಷದ ಹಾಗೆ, ಬಂದಷ್ಟು ಹೊತ್ತು ಅಬ್ಬರಿಸಬೇಕು, ಇದ್ದ ಶಕ್ತಿಯನ್ನೆಲ್ಲ ಸುರಿಯಬೇಕು. ಇಡೀ ರಾತ್ರಿ ರಂಗದಲ್ಲಿ ನಿಲ್ಲುವ ಲೆಕ್ಕಾಚಾರ ಅವನಿಗೆ ಬೇಡ.

ಮೊದಲು ಹೀಗಿರಲಿಲ್ಲ. 1890ರಿಂದ 1911ರವರೆಗೆ ಆಡಿದ ಸೈ ಯಂಗ್ ಎಂಬಾತ 749 ಪಂದ್ಯಗಳನ್ನು ಆರಂಭದಿಂದ ಕೊನೆಯವರೆಗೆ ತಾನೊಬ್ಬನೇ ಎಸೆದು ಮುಗಿಸಿದ. ಆ ಕಾಲದಲ್ಲಿ ಬದಲಿ ಎಂದರೆ ಮುದುಕ, ಇಲ್ಲವೇ ಕೈಲಾಗದವ. 1920ರ ದಶಕದಲ್ಲಿ ವಾಷಿಂಗ್ಟನ್ ತಂಡದ ಫರ್ಪೋ ಮಾರ್ಬೆರಿಯಂಥ ಒಬ್ಬಿಬ್ಬರು ಆ ಕೆಲಸಕ್ಕೆ ಮರ್ಯಾದೆ ತಂದರು. ಗೆಲ್ಲುವ ಪಂದ್ಯವನ್ನು ಕೈಬಿಡದೆ ಉಳಿಸಿಕೊಟ್ಟ ಬದಲಿಗೆ ಅಧಿಕೃತವಾಗಿ ಲೆಕ್ಕ ಬರೆಯತೊಡಗಿದ್ದು 1969ರಲ್ಲಿ. ಲೆಡ್ಜರಿನಲ್ಲಿ ಹೊಸ ಕಾಲಮ್ಮು ಬಂದ ಕೂಡಲೇ ಆ ಕೆಲಸಕ್ಕೆ ಬೆಲೆಯೂ ಬಂತು. ಬ್ಯಾಂಕಿನಲ್ಲಿಯೂ ಹಾಗೆಯೇ, ಬರೆಯದ ಕೆಲಸಕ್ಕೆ ಬಡ್ತಿ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹೀಗೆ ಬೆಲೆ ಬಂದ ಮೇಲೆ ತಕರಾರು ಶುರುವಾಯಿತು. ಒಳ್ಳೆಯ ಬದಲಿ ವರ್ಷಕ್ಕೆ ಎಪ್ಪತ್ತು ಇನಿಂಗ್ಸ್ ಎಸೆಯುತ್ತಾನೆ, ಆರಂಭದವನು ಇನ್ನೂರರವರೆಗೆ ಎಸೆಯಬಲ್ಲ. ಅಷ್ಟು ಚೆನ್ನಾಗಿ ಎಸೆಯುವವನಿಂದ ಎಪ್ಪತ್ತೇ ಯಾಕೆ, ಇನ್ನೂರು ಪಡೆಯಬಾರದೇ? ಲೆಕ್ಕ ಸರಿಯಾಗಿಯೇ ಇದೆ. ಆದರೆ ಒಂದು ಇನಿಂಗ್ಸಿಗೆ ಬಂದವನಿಗೆ ಎರಡು ಬಗೆಯ ಎಸೆತ ಸಾಕು, ಒಂದು ವೇಗದ್ದು, ಒಂದು ತಿರುಗುವುದು. ಬ್ಯಾಟುಗಾರ ಅವನನ್ನು ಕಾಣುವುದು ಒಂದೇ ಸಲ. ಆರಂಭದವನನ್ನು ಅದೇ ಬ್ಯಾಟುಗಾರ ಮೂರು ಸಲ ನೋಡುತ್ತಾನೆ. ಮೂರನೆಯ ಸಲಕ್ಕೆ ಕೈಯಲ್ಲಿ ಹೊಸದೇನಾದರೂ ಇರಬೇಕು. ವೇಗವನ್ನೂ ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು. ನಮ್ಮ ಬುಮ್ರಾ 2016ರಲ್ಲಿ ದೇಶದ ಪರವಾಗಿ ಇಪ್ಪತ್ತು, ಐವತ್ತು ಓವರಿನ ಪಂದ್ಯಗಳಿಗೆ ಬಂದರೂ ಟೆಸ್ಟ್ ಆಡಿದ್ದು 2018ರ ಜನವರಿಯಲ್ಲಿ, ಕೇಪ್‌ಟೌನಿನಲ್ಲಿ. ಅಲ್ಲಿಯೂ ಆತ ಗೆದ್ದದ್ದು ನಿಜ, 2023ರಲ್ಲಿ ಬೆನ್ನಿಗೆ ಶಸ್ತ್ರಚಿಕಿತ್ಸೆಯಾದದ್ದೂ ನಿಜ.

1975ರಲ್ಲಿ ಶಿಕಾಗೋದ ವೈಟ್ ಸಾಕ್ಸ್ ತಂಡದಲ್ಲಿ ರಿಚ್ ಗಾಸೇಜ್ ಎಂಬ 24ರ ಹರೆಯದ ಬದಲಿ ಪಿಚರ್ ಇದ್ದ. ಗೂಸ್ ಎಂದು ಅಡ್ಡಹೆಸರು. ಆ ವರ್ಷ 26 ಪಂದ್ಯ ಉಳಿಸಿಕೊಟ್ಟ. ಒಂಬತ್ತು ಇನಿಂಗ್ಸಿಗೆ ಸರಾಸರಿ ಬಿಟ್ಟುಕೊಟ್ಟದ್ದು 1.84 ರನ್. 1976ರಲ್ಲಿ ಪಾಲ್ ರಿಚರ್ಡ್ಸ್ ಎಂಬ ಹೊಸ ಮ್ಯಾನೇಜರು ಬಂದು ಅವನನ್ನು ಆರಂಭದ ಸರದಿಗೆ ಏರಿಸಿದರು. 224 ಇನಿಂಗ್ಸ್ ಎಸೆದ. ಗೆದ್ದದ್ದು 9, ಸೋತದ್ದು 17, ಸರಾಸರಿ 3.94. ಮರುವರ್ಷ ಪಿಟ್ಸ್‌ಬರ್ಗಿಗೆ ಹೋಗಿ ಪುನಃ ಬದಲಿಯಾದ, ಸರಾಸರಿ 1.62ಕ್ಕೆ ಇಳಿಯಿತು, ಉಳಿಸಿಕೊಟ್ಟದ್ದು ಮತ್ತೆ 26! 2008ರಲ್ಲಿ ಆ ಆಟದ ಕೀರ್ತಿಭವನಕ್ಕೆ ಸೇರಿದ್ದು ಬದಲಿಯೆಂದೇ.

ಇದನ್ನು ಕೇಳಿ ಬದಲಿ ಬದಲಿಯಾಗಿಯೇ ಇರಲಿ ಎನ್ನುವಿರಾದರೆ ಪೆಡ್ರೋ ಮಾರ್ಟಿನೆಜ್ ಕಥೆ ಕೇಳಿ. ಡೊಮಿನಿಕನ್ ರಿಪಬ್ಲಿಕ್ ದೇಶದ ಹುಡುಗ, ಸಣಕಲು ಮೈ. ಅಣ್ಣ ರಮೋನ್ ಕೂಡ ಲಾಸ್ ಏಂಜಲಿಸಿನ ಡಾಡ್ಜರ್ಸ್ ತಂಡದಲ್ಲೇ ಪಿಚರ್. 1993ರಲ್ಲಿ ಪೆಡ್ರೋ 65 ಪಂದ್ಯಗಳಲ್ಲಿ ಎಸೆದ, ಆದರೆ ಆರಂಭಿಸಲು ಕೊಟ್ಟದ್ದು ಎರಡೇ. ಈ ಮೈಕಟ್ಟಿಗೆ ಆರಂಭದ ಹೊರೆ ಆಗದು ಎಂದು ಮ್ಯಾನೇಜರ್ ಟಾಮಿ ಲಸೋರ್ಡಾ ಅವರ ಅಭಿಪ್ರಾಯ. ಅದೇ ನವೆಂಬರಿನಲ್ಲಿ ಅವನನ್ನು ಕೆನಡಾದ ಮಾಂಟ್ರಿಯಲ್ ತಂಡಕ್ಕೆ ಕೊಟ್ಟು ಬೇರೊಬ್ಬನನ್ನು ತಂದರು. ಮಾಂಟ್ರಿಯಲ್ಲಿನಲ್ಲಿ ಫೆಲಿಪೆ ಅಲೂ ಎಂಬ ಮ್ಯಾನೇಜರು, ಅವರೂ ಡೊಮಿನಿಕನ್ ದೇಶದವರೇ, ಹುಡುಗನನ್ನು ಸರದಿಗೆ ಹಾಕಿದರು. 1997ರಲ್ಲಿ ಸರಾಸರಿ 1.90, ವರ್ಷದ ಉತ್ತಮ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಬಾಸ್ಟನ್ ತಂಡಕ್ಕೆ ಹೋದ ಮೇಲೆ 1999 ಮತ್ತು 2000ದಲ್ಲಿ ಮತ್ತೆರಡು. ಮೈ ನೋಡಿ ಆಳನ್ನು ಅಳೆಯುವ ನಮ್ಮ ಹಿರಿಯರಿಗೂ ಈ ಕಥೆ ಹೇಳಬೇಕು.

ಇನ್ನು ನ್ಯೂಯಾರ್ಕಿಗೆ ಬನ್ನಿ. ಯಾಂಕೀಸ್ ತಂಡದ ಜೋಬಾ ಚೇಂಬರ್ಲೇನ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕೆಂದಿದ್ದೇನೆ. ನೆಬ್ರಾಸ್ಕಾ ರಾಜ್ಯದ ಲಿಂಕನ್ ಊರಿನವನು. ತಂದೆ ಹಾರ್ಲನ್ ಅಮೆರಿಕದ ಮೂಲನಿವಾಸಿಗಳಾದ ವಿನ್ನೆಬೇಗೊ ಜನಾಂಗದವರು. ಎಳವೆಯಲ್ಲೇ ಪೋಲಿಯೋ ಬಡಿದು ನಡೆಯಲಾರದವರು. 2007ರ ಆಗಸ್ಟಿನಲ್ಲಿ, 22 ತುಂಬುವ ಮೊದಲೇ, ಜೋಬಾ ಬದಲಿಯಾಗಿ ಮೈದಾನಕ್ಕೆ ಇಳಿದ. 19 ಪಂದ್ಯ, 24 ಇನಿಂಗ್ಸ್, ಸರಾಸರಿ 0.38. ಅಂದರೆ ಅವನ ಖಾತೆಗೆ ಬಿದ್ದ ರನ್ನು ಒಂದೇ ಒಂದು. ವೇಗ ಗಂಟೆಗೆ ನೂರು ಮೈಲಿಯ ಹತ್ತಿರ. ಊರಿಗೆ ಊರೇ ಹುಚ್ಚೆದ್ದಿತು.

ಹುಡುಗನ ಕೈ ಕೆಡಬಾರದೆಂದು ತಂಡದವರು ಕಟ್ಟುನಿಟ್ಟು ಮಾಡಿದರು. ಎರಡು ದಿನ ಒಟ್ಟಿಗೆ ಎಸೆಯಬಾರದು. ಒಂದು ಇನಿಂಗ್ಸ್ ಎಸೆದರೆ ಒಂದು ದಿನ ರಜೆ, ಎರಡಾದರೆ ಎರಡು ದಿನ. ಪತ್ರಿಕೆಗಳವರು ಇದಕ್ಕೆ ಜೋಬಾ ಕಾನೂನು ಎಂದೇ ಹೆಸರಿಟ್ಟರು. 2008ರ ಏಪ್ರಿಲಿನಲ್ಲಿ ತಂಡದ ಮಾಲಿಕರ ಮಗ ಹ್ಯಾಂಕ್ ಸ್ಟೈನ್‌ಬ್ರೆನ್ನರ್, ಇವನನ್ನು ಆರಂಭದ ಸರದಿಗೆ ತನ್ನಿ ಎಂದು ಬಹಿರಂಗವಾಗಿಯೇ ಒತ್ತಾಯಿಸಿದರು. ಜೂನ್ 3ರಂದು ತಂದರು. ಮೊದಲ ದಿನ ಮೂರನೆಯ ಇನಿಂಗ್ಸ್ ಮುಗಿಯುವ ಮೊದಲೇ 62 ಎಸೆತವಾಗಿ ಇಳಿಯಬೇಕಾಯಿತು. ಆ ಮೇಲೆ ಸುಧಾರಿಸಿದ. ಆದರೆ ಆಗಸ್ಟಿನಲ್ಲಿ ಟೆಕ್ಸಸಿನಲ್ಲಿ ಭುಜ ಹಿಡಿದುಕೊಂಡು ಹೊರನಡೆದ.

2009ರಲ್ಲಿ ಇಡೀ ವರ್ಷ ಸರದಿಯಲ್ಲಿದ್ದ, 31 ಪಂದ್ಯ ಆರಂಭಿಸಿದ. ಆಗ ಇನ್ನೊಂದು ಲೆಕ್ಕ ಅಡ್ಡ ಬಂತು. ಇಪ್ಪತ್ತೈದು ತುಂಬದ ಪಿಚರ್ ಹಿಂದಿನ ವರ್ಷಕ್ಕಿಂತ ಮೂವತ್ತು ಇನಿಂಗ್ಸಿಗೂ ಹೆಚ್ಚು ಎಸೆದರೆ ಅಪಾಯ ಎಂದು ಟಾಮ್ ವರ್ಡೂಚಿ ಎಂಬ ಪತ್ರಕರ್ತರು ಬರೆದಿದ್ದರು. ಬಹಳ ತಂಡಗಳು ಇಂಥ ಮಿತಿಗಳನ್ನು ಪಾಲಿಸುತ್ತಿದ್ದ ಕಾಲ. ಅಂಕಿಅಂಶ ಹಿಡಿದು ಪರಿಶೀಲಿಸಿದವರಿಗೆ ಈ ಸೂತ್ರಕ್ಕೆ ಗಟ್ಟಿ ಆಧಾರ ಸಿಗಲಿಲ್ಲ, ಅದು ಬೇರೆ ಮಾತು. ಹಿಂದಿನ ವರ್ಷ ಜೋಬಾ ಎಸೆದದ್ದು ನೂರು ಇನಿಂಗ್ಸ್ ಮಾತ್ರ. ಹಾಗಾಗಿ ವರ್ಷದ ಕೊನೆಗೆ ಅವನನ್ನು ಮೂರೇ ಇನಿಂಗ್ಸಿಗೆ ಇಳಿಸತೊಡಗಿದರು. ಲಯ ತಪ್ಪಿತು. ವರ್ಷದ ಲೆಕ್ಕ 157 ಇನಿಂಗ್ಸು ಚಿಲ್ಲರೆ, ಸರಾಸರಿ 4.75. ತಂಡ ಆ ವರ್ಷ ವಿಶ್ವ ಸರಣಿ ಗೆದ್ದಾಗ ಇವನು ಪುನಃ ಬದಲಿಯ ಸಾಲಿನಲ್ಲಿದ್ದ. 2010ರಿಂದ ಅಲ್ಲಿಯೇ ಉಳಿದ. 2011ರ ಜೂನಿನಲ್ಲಿ ಮೊಣಕೈಯ ಸ್ನಾಯುಬಂಧಕ್ಕೆ ಶಸ್ತ್ರಚಿಕಿತ್ಸೆಯಾಯಿತು, ಅದೂ ಬದಲಿಯಾಗಿ ಎಸೆಯುತ್ತಿದ್ದಾಗ. 2007ರ ಹುಡುಗ ಮತ್ತೆ ಕಾಣಲಿಲ್ಲ. ನನಗೆ ತೋರುವುದಿಷ್ಟು: ಆರಂಭದ ಹೊರೆಗಿಂತಲೂ ಅವನನ್ನು ಕಾಡಿದ್ದು ಅತ್ತಿಂದಿತ್ತ ಎಳೆದಾಟ. ಬೇರು ಹಿಡಿಯುವ ಮೊದಲೇ ಸಸಿಯನ್ನು ಕಿತ್ತು ಕಿತ್ತು ನೋಡಿದರು.

ಆ ಶಸ್ತ್ರಚಿಕಿತ್ಸೆಯ ಬಗ್ಗೆ ಒಂದು ಮಾತು. 1974ರ ಸೆಪ್ಟೆಂಬರಿನಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಎಂಬವರು ಟಾಮಿ ಜಾನ್ ಎಂಬ ಪಿಚರನ ಬಲಗೈಯಿಂದ ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಕಟ್ಟಿದರು. ಟಾಮಿ ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದರು. ಈಗ ಆ ಚಿಕಿತ್ಸೆಗೇ ಟಾಮಿ ಜಾನ್ ಎಂದು ಹೆಸರು. ಟೆಕ್ಸಸಿನ ನೆಫ್ತಾಲಿ ಫೆಲಿಸ್ 2010ರಲ್ಲಿ 40 ಪಂದ್ಯ ಉಳಿಸಿದವ. 2012ರಲ್ಲಿ ಆರಂಭದ ಸರದಿಗೆ ಏರಿಸಿದಾಗ ಏಳೇ ಪಂದ್ಯಕ್ಕೆ ಮೊಣಕೈ ಹೋಗಿ ಅದೇ ಚಿಕಿತ್ಸೆಗೆ ಮಲಗಿದ.

ಅದೇ 2012ರಲ್ಲಿ ಬಾಸ್ಟನ್ ತಂಡದ ಡ್ಯಾನಿಯಲ್ ಬಾರ್ಡ್ ಕೂಡ ಸರದಿಗೆ ಏರಿದ. ಈತನ ಕೈಗೆ ಏನೂ ಆಗಲಿಲ್ಲ, ಮನಸ್ಸು ಕೈಕೊಟ್ಟಿತು. 2007ರಲ್ಲಿ ಕೆಳಗಿನ ದರ್ಜೆಯಲ್ಲಿ ಆರಂಭದವನಾಗಿದ್ದಾಗ 75 ಇನಿಂಗ್ಸಿನಲ್ಲಿ 78 ಮಂದಿಗೆ ಪುಕ್ಕಟೆ ದಾರಿ ಬಿಟ್ಟುಕೊಟ್ಟಿದ್ದ. ನಾಲ್ಕು ಎಸೆತ ಹದ್ದು ಮೀರಿದರೆ ಬ್ಯಾಟುಗಾರ ಸುಮ್ಮನೆ ಮೊದಲ ಬೇಸಿಗೆ ನಡೆದು ಹೋಗಬಹುದು, ಅದು ಅಲ್ಲಿಯ ಕ್ರಮ. ಬದಲಿಯಾದ ಮೇಲೆಯೇ ಸರಿಹೋಗಿ 2010ರಲ್ಲಿ ಸರಾಸರಿ 1.93ಕ್ಕೆ ತಂದ. ಹಳೆಯ ಖಾತೆಯ ಪುಟ ತಿರುವಿ ನೋಡಬೇಕಿತ್ತು. ಆರಂಭಿಸಬೇಕೆಂಬ ಆಸೆ ಅವನಿಗೂ ಇತ್ತೆನ್ನಿ. ಜೂನ್ 3ರಂದು ಟೊರಾಂಟೋದಲ್ಲಿ ಎರಡು ಇನಿಂಗ್ಸೂ ಮುಗಿಯದೆ ಆರು ಮಂದಿಗೆ ಪುಕ್ಕಟೆ ದಾರಿ, ಇಬ್ಬರ ಮೈಗೆ ಚೆಂಡು. ಅಲ್ಲಿಂದ ಕೆಳಗಿನ ದರ್ಜೆಗೆ. ಚೆಂಡು ಎಲ್ಲಿಗೆ ಹೋಗುತ್ತದೆಂದು ಅವನಿಗೇ ತಿಳಿಯದಾಯಿತು. 2017ರಲ್ಲಿ ಆಟ ಬಿಟ್ಟು, ಅರಿಜೋನಾ ತಂಡದ ಎಳೆಯ ಆಟಗಾರರ ಮನಸ್ಸಿನ ಕಷ್ಟ ಕೇಳುವ ಕೆಲಸ ಹಿಡಿದ. ಆ ಹುಡುಗರ ಜೊತೆ ಸುಮ್ಮನೆ ಚೆಂಡೆಸೆಯುತ್ತಿದ್ದಾಗ ಕೈ ಪುನಃ ಮಾತು ಕೇಳತೊಡಗಿತು! 2020ರಲ್ಲಿ ಕೊಲರಾಡೋ ತಂಡಕ್ಕೆ ಬದಲಿಯಾಗಿ ಬಂದು, ಮರಳಿ ಬಂದವರಿಗೆ ಕೊಡುವ ಪ್ರಶಸ್ತಿ ಪಡೆದ. 2022ರಲ್ಲಿ 34 ಪಂದ್ಯ ಉಳಿಸಿದ. 2023ರಲ್ಲಿ ಆತಂಕದ ಕಾಯಿಲೆ ಮರುಕಳಿಸಿದಾಗ ಮುಚ್ಚಿಡದೆ ಹೇಳಿ ರಜೆ ತೆಗೆದುಕೊಂಡ.

ಗೆದ್ದವರೂ ಇದ್ದಾರೆ. ಸೇಂಟ್ ಲೂಯಿಸಿನ ಆಡಮ್ ವೇನ್‌ರೈಟ್ 2006ರ ವಿಶ್ವ ಸರಣಿಯ ಕೊನೆಯ ಎಸೆತ ಎಸೆದ ಬದಲಿ. ಮರುವರ್ಷವೇ ಆರಂಭದ ಸರದಿಗೆ ಏರಿ, 2023ರಲ್ಲಿ 200 ಗೆಲುವು ಮುಗಿಸಿ ನಿವೃತ್ತನಾದ. ಶಿಕಾಗೋದ ಕ್ರಿಸ್ ಸೇಲ್ 2012ರಲ್ಲಿ ಸರದಿಗೆ ಬಂದ. ಮೇ ತಿಂಗಳಲ್ಲಿ ಮೊಣಕೈ ನೋವೆಂದು ಅವನನ್ನು ಬದಲಿಯ ಸಾಲಿಗೆ ಹಿಂತಿರುಗಿಸಿದಾಗ ಸುಮ್ಮನಿರಲಿಲ್ಲ, ದೊಡ್ಡವರೊಂದಿಗೆ ವಾದಿಸಿ ಜಾಗ ಮರಳಿ ಪಡೆದ. ಆ ವರ್ಷ 17 ಪಂದ್ಯ ಗೆದ್ದ. ಅವನಿಗೂ 2020ರಲ್ಲಿ ಟಾಮಿ ಜಾನ್ ಚಿಕಿತ್ಸೆ ತಪ್ಪಲಿಲ್ಲ. ಆದರೆ 2024ರಲ್ಲಿ ಅಟ್ಲಾಂಟಾ ತಂಡದ ಪರವಾಗಿ ಸೈ ಯಂಗ್ ಪ್ರಶಸ್ತಿ ಬಂತು.

ಬಾಲ್ಟಿಮೋರಿನ ಹಳೆಯ ಮ್ಯಾನೇಜರ್ ಅರ್ಲ್ ವೀವರ್ ಅವರ ಕ್ರಮ ನನಗೆ ಹೆಚ್ಚು ಹಿಡಿಸಿತು. ಎಳೆಯ ಪಿಚರನನ್ನು ಅವರು ಮೊದಲು ಬದಲಿಯ ಸಾಲಿನಲ್ಲೇ ಇಟ್ಟು, ಆದರೆ ಒಂದೇ ಇನಿಂಗ್ಸಿಗೆ ಇಳಿಸದೆ, ಎರಡು ಮೂರು ಇನಿಂಗ್ಸು ಎಸೆಸಿ ಪಳಗಿಸಿ ಸರದಿಗೆ ತರುತ್ತಿದ್ದರು. ನಮ್ಮಲ್ಲಿ ಹೊಸ ಗುಮಾಸ್ತನನ್ನು ಮೊದಲ ದಿನವೇ ಕ್ಯಾಶಿಗೆ ಕೂರಿಸುತ್ತಿರಲಿಲ್ಲ. ಡೆಸ್ಪ್ಯಾಚು, ಉಳಿತಾಯ ಖಾತೆ ಎಂದು ಸುತ್ತಿಸಿ ತರುತ್ತಿದ್ದರು.

ಗ್ಯಾರೆಟ್ ಕ್ರೋಷೆ ಎಂಬ ಎಡಗೈ ಹುಡುಗ 2020ರಲ್ಲಿ ಕಾಲೇಜಿನಿಂದ ನೇರವಾಗಿ ಶಿಕಾಗೋ ತಂಡಕ್ಕೆ ಬದಲಿಯಾಗಿ ಬಂದ. 2022ರಲ್ಲಿ ಟಾಮಿ ಜಾನ್ ಚಿಕಿತ್ಸೆ. 2024ರಲ್ಲಿ ಮೊದಲ ಬಾರಿಗೆ ಆರಂಭದ ಸರದಿ. ತಂಡ ಆ ವರ್ಷ 121 ಪಂದ್ಯ ಸೋತಿತು. ಆದರೂ ಅವನನ್ನು ಸರದಿಯಿಂದ ತೆಗೆಯಲಿಲ್ಲ. ವರ್ಷದ ಉತ್ತರಾರ್ಧದಲ್ಲಿ ದಿನಕ್ಕೆ ನಾಲ್ಕು ಇನಿಂಗ್ಸಿಗಿಂತ ಹೆಚ್ಚು ಎಸೆಸಲೂ ಇಲ್ಲ. 32 ಪಂದ್ಯ, 146 ಇನಿಂಗ್ಸ್. ಡಿಸೆಂಬರಿನಲ್ಲಿ ಬಾಸ್ಟನ್ ತಂಡಕ್ಕೆ ಹೋದ. 2025ರಲ್ಲಿ 205 ಇನಿಂಗ್ಸು ಎಸೆದು 18 ಗೆದ್ದ, 5 ಸೋತ; 255 ಮಂದಿಯನ್ನು ಚೆಂಡು ತಾಗಗೊಡದೆ ಔಟು ಮಾಡಿದ. ಬಾಸ್ಟನ್ನಿನವರು ಆರು ವರ್ಷಕ್ಕೆ 17 ಕೋಟಿ ಡಾಲರಿನ ಕರಾರು ಬರೆದುಕೊಟ್ಟಿದ್ದಾರೆ.